ನಕ್ಷೆಯ ಬಿಳಿ ಜಾಗ: ಕಾವಲು, ಗೋಮಾಳ, ಪದವು

(ಪುಂಜಾಲಕಟ್ಟೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ಬಿ.ಸಿ. ರೋಡಿನಿಂದ ಬೆಳ್ತಂಗಡಿ ಕಡೆಗೆ ಬರುವವರಿಗೆ ವಗ್ಗದ ಹತ್ತಿರ ಕಾರಿಂಜದ ಬಂಡೆ ಎದುರಾಗುತ್ತದೆ. ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆ ದಾಟಿದರೆ ಗಡಾಯಿಕಲ್ಲು, ಅದರ ಬೆನ್ನಿಗೆ ಕುದುರೆಮುಖದ ಸಾಲು. ಮೂಡುಬಿದಿರೆಯ ಕಡೆ ತಿರುಗಿದರೆ ಕೊಣಾಜೆಕಲ್ಲು. ಇಂಥ ಎತ್ತರಗಳನ್ನು ಭೂಪಟ ಎಂದೂ ಮರೆತಿಲ್ಲ. 1794ರಲ್ಲಿ ಟಿಪ್ಪು ಗಡಾಯಿಕಲ್ಲಿನ ಮೇಲೆ ಕೋಟೆ ಕಟ್ಟಿಸಿ ತಾಯಿಯ ಹೆಸರಿನಲ್ಲಿ ಜಮಾಲಾಬಾದ್ ಎಂದು ಕರೆದ. 1801ರಲ್ಲಿ ಈ ಸೀಮೆಗೆ ಬಂದ ಫ್ರಾನ್ಸಿಸ್ ಬುಕನನ್ ಅದನ್ನು ತನ್ನ ಪ್ರವಾಸದ ಪುಸ್ತಕಕ್ಕೆ ಸೇರಿಸಿದ. ಬಂಡೆಗೆ, ಕೋಟೆಗೆ, ದೇವಸ್ಥಾನಕ್ಕೆ ನಕ್ಷೆಯಲ್ಲಿ ಜಾಗ ಸಿಕ್ಕಿಯೇ ಸಿಗುತ್ತದೆ. ನಾನು ಇವತ್ತು ಮಾತಾಡಬೇಕೆಂದಿರುವುದು ಎದ್ದು ಕಾಣದ ನೆಲದ ಬಗ್ಗೆ. ದನ, ಕುರಿ ಮೇಯುವ ಬಯಲು, ಕಾವಲು, ಗೋಮಾಳ, ನಮ್ಮ ಕಡೆಯ ಪದವು ಮತ್ತು ಗುಡ್ಡೆ, ಇವೆಲ್ಲ ಭೂಪಟದಲ್ಲಿ ಹೇಗೆ ಮೂಡಿದವು, ಎಲ್ಲಿ ಮೂಡದೆ ಹೋದವು ಎಂಬುದು ವಿಷಯ.

ಹೇಳಬೇಕಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ನಾಡಿನ ಹುಲ್ಲುಗಾವಲುಗಳು ಕೈತಪ್ಪಿಹೋದದ್ದಕ್ಕೆ ಲೋಭವನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ಅವು ಕಾಗದದ ಮೇಲೆ ಖಾಲಿಯಾಗಿ ಕಂಡವು. ಖಾಲಿಯಾಗಿ ಕಂಡ ಜಾಗವನ್ನು ಬೇರೆಯವರಿಗೆ ಕೊಡಲು ಯಾವ ಕಚೇರಿಯೂ ಹೆಚ್ಚು ಯೋಚಿಸುವುದಿಲ್ಲ.

ಈ ನೆಲವನ್ನು ಅಳೆಯುವ ಕೆಲಸ ಒಂದು ಯುದ್ಧದ ಮರುದಿನ ಶುರುವಾಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಈಸ್ಟ್ ಇಂಡಿಯಾ ಕಂಪೆನಿಯ ಕೈಗೆ ಒಂದು ದೊಡ್ಡ ಸೀಮೆ ಬಂತು; ಅದರ ಸರಿಯಾದ ಚಿತ್ರ ಅವರಲ್ಲಿರಲಿಲ್ಲ. ಆ ಸೈನ್ಯದಲ್ಲಿದ್ದ ಇಬ್ಬರು ಅಧಿಕಾರಿಗಳು ಎರಡು ಬೇರೆ ದಾರಿ ಹಿಡಿದರು. ವಿಲಿಯಂ ಲ್ಯಾಂಬ್ಟನ್ ತ್ರಿಕೋನಗಳ ದಾರಿ ಹಿಡಿದ. 1802ರ ಏಪ್ರಿಲ್‌ನಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಏಳೂವರೆ ಮೈಲಿಯ ಒಂದು ಗೆರೆಯನ್ನು 100 ಅಡಿಯ ಉಕ್ಕಿನ ಸರಪಳಿಯಿಂದ ಅಳೆದು, ಅಲ್ಲಿಂದ ಬೆಟ್ಟದಿಂದ ಬೆಟ್ಟಕ್ಕೆ ಕೋನ ನೋಡುತ್ತ ಪಶ್ಚಿಮಕ್ಕೆ ಬಂದ. ಅರ್ಧ ಟನ್ ತೂಗುವ ಥಿಯೊಡೊಲೈಟ್ ಅನ್ನು ಆಳುಗಳು ಹೊತ್ತು ಬೆಟ್ಟ ಹತ್ತಿಸಬೇಕಿತ್ತು. 1804ರಲ್ಲಿ ಬೆಂಗಳೂರಿನಲ್ಲಿ ಇನ್ನೊಂದು ಗೆರೆ ಅಳೆದು ಲೆಕ್ಕ ಪರೀಕ್ಷಿಸಿದಾಗ ವ್ಯತ್ಯಾಸ ಕೆಲವೇ ಇಂಚು. ಈ ಸರಣಿ ಘಟ್ಟ ಇಳಿದು ಮುಟ್ಟಿದ್ದು ನಮ್ಮ ಮಂಗಳೂರನ್ನು. ಏಷ್ಯಾಟಿಕ್ ರಿಸರ್ಚಸ್‌ನ 10ನೇ ಸಂಪುಟದಲ್ಲಿ ಬಂದ ಅವನ ವರದಿಯ ಶೀರ್ಷಿಕೆಯಲ್ಲೇ ಮಂಗಳೂರಿನ ಹೆಸರಿದೆ. ಅಲ್ಲಿಯವರೆಗೆ 400 ಮೈಲಿ ಅಗಲವೆಂದು ನಂಬಿದ್ದ ಪರ್ಯಾಯದ್ವೀಪ ಸುಮಾರು 360 ಮೈಲಿ ಮಾತ್ರ ಎಂದು ಆಗ ತಿಳಿಯಿತು.

ಕಾಲಿನ್ ಮೆಕೆಂಜಿಯದು ಇನ್ನೊಂದು ದಾರಿ. ಅವನು ಸುಮಾರು 10 ವರ್ಷ ಮೈಸೂರು ಸೀಮೆಯ ಸರ್ವೆ ನಡೆಸಿ 40,000 ಚದರ ಮೈಲಿಯನ್ನು ಹಾಳೆಗೆ ಇಳಿಸಿದ. 1815ರಲ್ಲಿ ಇಡೀ ಭಾರತದ ಮೊದಲ ಸರ್ವೇಯರ್ ಜನರಲ್ ಆದ. ಅವನ ಜೊತೆ ಕಾವಲಿ ವೆಂಕಟ ಬೋರಯ್ಯ, ಲಕ್ಷ್ಮಯ್ಯ ಸಹೋದರರಿದ್ದರು, ಮಲೆಯೂರಿನ ಜೈನ ಪಂಡಿತ ಧರ್ಮಯ್ಯನವರಿದ್ದರು. ಅವರು ಊರೂರು ಅಲೆದು ಶಾಸನ, ಓಲೆಗರಿ, ಊರಿನ ವೃತ್ತಾಂತ ಹೇಳುವ ಕೈಫಿಯತ್ತುಗಳನ್ನು ಕೂಡಿಸಿದರು. ಬೆಟ್ಟದ ಕೋನ ನೋಡಿದರೆ ಸಾಲದು, ಅದರ ಕೆಳಗಿನ ಊರಿನವರನ್ನು ಕೇಳಬೇಕು ಎಂಬ ಬುದ್ಧಿ ಈ ಸರ್ವೆಯಲ್ಲಿ ಇತ್ತು. ಮುಂದಿನ ಶತಮಾನದಲ್ಲಿ ಲ್ಯಾಂಬ್ಟನ್‌ನ ದಾರಿ ಗೆದ್ದಿತು. ಮೆಕೆಂಜಿಯ ಕೈಫಿಯತ್ತುಗಳು ಇತಿಹಾಸಕಾರರ ಪಾಲಾದವು, ನಕ್ಷೆಗಾರರ ಮೇಜಿನಿಂದ ದೂರವಾದವು. ಇದು ಆ ಕಾಲದ ದೊಡ್ಡ ನಷ್ಟ ಎಂದೇ ನನ್ನ ಅಭಿಪ್ರಾಯ.

ಈಗ ನಾವು ಟೊಪೊಶೀಟ್ ಎಂದು ಕರೆಯುವ ಹಾಳೆಗೆ ಬರೋಣ. ಹಳೆಯ ಭೂಪಟಗಳಲ್ಲಿ ಬೆಟ್ಟವೆಂದರೆ ಕೂದಲಿನಂಥ ಸಣ್ಣ ಗೆರೆಗಳ ಛಾಯೆ. 1905ರ ನಂತರ ಸರ್ವೆ ಆಫ್ ಇಂಡಿಯಾ ಬಣ್ಣದ ಹಾಳೆಗಳಿಗೆ, ಸಮೋನ್ನತಿ ರೇಖೆಗಳಿಗೆ ಹೊರಳಿತು. ಇಂದು ಬಳಕೆಯಲ್ಲಿರುವುದು 1:50,000ದ ಅಳತೆ; ಹಾಳೆಯ 2 ಸೆಂಟಿಮೀಟರ್ ಎಂದರೆ ನೆಲದ 1 ಕಿಲೋಮೀಟರ್. ಪ್ರತಿ 20 ಮೀಟರ್ ಎತ್ತರಕ್ಕೆ ಒಂದು ಕಂದು ಗೆರೆ. ಬೇಸಾಯದ ನೆಲ ಹಳದಿ, ಕಾಡು ಹಸಿರು, ನೀರು ನೀಲಿ, ವಸತಿ ಕೆಂಪು. ಬೆಳ್ತಂಗಡಿ ತಾಲೂಕಿನೊಳಗೆ 13 ಡಿಗ್ರಿ ಅಕ್ಷಾಂಶ ಹಾದುಹೋಗುವುದರಿಂದ ತಾಲೂಕಿನ ಬಡಗು ಭಾಗ 48ಓ ಹಾಳೆಗಳಲ್ಲಿ, ತೆಂಕು ಭಾಗ 48ಪಿ ಹಾಳೆಗಳಲ್ಲಿ ಹಂಚಿಹೋಗಿದೆ. ಕಾರಿಂಜದಂಥ ಬಂಡೆಯ ಬಳಿ ಕಂದು ಗೆರೆಗಳು ಒಂದರ ಮೇಲೊಂದು ಒತ್ತಿಕೊಂಡು ಬರುತ್ತವೆ. ಬೈಲಿನಲ್ಲಿ ದೂರ ಸರಿಯುತ್ತವೆ. ಓದಲು ಕಲಿತವರಿಗೆ ಅದೊಂದು ಸುಂದರ ಹಾಳೆ. ಅದನ್ನು ಮಾಡಿದವರ ಶ್ರಮದ ಬಗ್ಗೆ ನನಗೆ ಗೌರವವಿದೆ.

ಆದರೆ ಬೇಸಾಯವೂ ಅಲ್ಲದ, ಕಾಡೂ ಅಲ್ಲದ, ಮನೆಯೂ ಇಲ್ಲದ ನೆಲಕ್ಕೆ ಅಲ್ಲಿ ಯಾವ ಬಣ್ಣವೂ ಇಲ್ಲ. ಅದು ಬಿಳಿ. ಜಾನುವಾರು ಮೇಯುವ ನೆಲದ ಬಹುಪಾಲು ಈ ಬಿಳಿಯಲ್ಲಿದೆ.

ಇದರ ಪರಿಣಾಮವನ್ನು ನೋಡಲು ಘಟ್ಟ ಹತ್ತಿ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಗೆ ಹೋಗಬೇಕು, 57ಬಿ ಹಾಳೆಗೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಕಾಣುವ ನಮಗೆ 500 ಮಿಲಿಮೀಟರಿನ ಆಸುಪಾಸಿನಲ್ಲಿ ಬದುಕುವ ಆ ಬಯಲು ಬೇರೆಯೇ ಲೋಕ. ಕುರುಚಲು ಗಿಡ, ಕಲ್ಲುಗುಡ್ಡ, ಹುಲ್ಲು; ಹುಲ್ಲಿನ ಬೆನ್ನು ಹತ್ತಿದ ದನ, ಕುರಿ. ಕರ್ನಾಟಕದಲ್ಲಿ ದನಗಾವಲಿನ ಸೀಮೆ ಎಂದು ಹೇಳಬಹುದಾದ ನೆಲ ಯಾವುದು ಎಂದು ಕೇಳಿದರೆ ಚಿತ್ರದುರ್ಗ, ತುಮಕೂರು, ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಒಣ ಭಾಗದ ಅಮೃತ ಮಹಲ್ ಕಾವಲುಗಳನ್ನು ತೋರಿಸಬೇಕು.

ಕಾವಲುಗಳ ಚರಿತ್ರೆ ಹಳೆಯದು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳಿಗಾಗಿ ಬೆಣ್ಣೆ ಚಾವಡಿ ಎಂಬ ಇಲಾಖೆಯಿತ್ತು. ಹೈದರಾಲಿ ಆ ತಳಿಯ ಎತ್ತುಗಳನ್ನು ಫಿರಂಗಿ ಎಳೆಯಲು ಹಚ್ಚಿದ. ಟಿಪ್ಪು ಇಲಾಖೆಗೆ ಅಮೃತ ಮಹಲ್ ಎಂದು ಹೆಸರಿಟ್ಟ. 1799ರ ನಂತರ ಬ್ರಿಟಿಷರು ಈ ಮಂದೆಯನ್ನು ತಮ್ಮ ಸೈನ್ಯಕ್ಕೆಂದು ವಹಿಸಿಕೊಂಡರು, 1860ರಲ್ಲಿ ಖರ್ಚಿನ ನೆಪದಲ್ಲಿ ಮುಚ್ಚಿದರು, ಒಳ್ಳೆಯ ಎತ್ತು ಸಿಗದೆ 1866ರಲ್ಲಿ ಮತ್ತೆ ತೆರೆದರು. ಅಜ್ಜಂಪುರದಲ್ಲಿ ಇಂದಿಗೂ ಆ ತಳಿಯ ಸಂವರ್ಧನಾ ಕೇಂದ್ರವಿದೆ.

ಕಾವಲುಗಳ ವ್ಯವಸ್ಥೆಯಲ್ಲಿ ಒಂದು ವಿವರ ನಮ್ಮ ವಿಷಯಕ್ಕೆ ಬಹಳ ಮುಖ್ಯ. ಅವುಗಳನ್ನು ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಮೂರು ಬಗೆಯಾಗಿ ವಿಂಗಡಿಸಿದ್ದರು. ಮಂದೆ ಋತುವಿಗೆ ತಕ್ಕಂತೆ ಒಂದರಿಂದ ಇನ್ನೊಂದಕ್ಕೆ ಸಾಗುತ್ತಿತ್ತು. ನೀರು, ನೆರಳು ಇರುವ ಬೇಸಿಗೆಯ ಕಾವಲಿಗೆ ಬೆಲೆ ಹೆಚ್ಚು. ಹಾಗಾದರೆ ಒಂದು ಕಾವಲು ವರ್ಷದ ಹಲವು ತಿಂಗಳು ಬರಿದಾಗಿಯೇ ಇರಬೇಕು. ಆಗಲೇ ಅಲ್ಲಿ ಹುಲ್ಲು ಮತ್ತೆ ಚಿಗುರುವುದು. ಬರಿದಾಗಿದ್ದ ತಿಂಗಳಲ್ಲಿ ಸರ್ವೇಯರ್ ಬಂದರೆ ಅವನಿಗೆ ಕಾಣುವುದು ಯಾರಿಗೂ ಬೇಡವಾದ ಬಯಲು. ಅವನ ಹಾಳೆಯಲ್ಲಿ ಋತು ಎಂಬ ಸಂಕೇತ ಇಲ್ಲ. ದಾರಿಗೆ ಗೆರೆ ಇದೆ, ಮಂದೆ ಹಾದುಹೋಗುವ ಹಾದಿಗೆ ಗೆರೆ ಇಲ್ಲ.

ಇನ್ನೊಂದು ತೊಡಕು ಆ ಕಂದು ಗೆರೆಯಲ್ಲೇ ಇದೆ. ಚಳ್ಳಕೆರೆಯ ಬಯಲು ಬಹುತೇಕ ಸಮತಟ್ಟು. 20 ಮೀಟರಿಗೆ ಒಂದು ಗೆರೆ ಎಂದರೆ ಸಾವಿರಾರು ಎಕರೆಯ ಕಾವಲಿನಲ್ಲಿ ಒಂದೋ ಎರಡೋ ಗೆರೆ ಹಾದುಹೋದರೆ ಹೆಚ್ಚು. ಆದರೆ ಅಲ್ಲಿ ಬದುಕನ್ನು ಹಿಡಿದಿಟ್ಟಿರುವುದು ಮೂರು ಮೀಟರ್, ನಾಲ್ಕು ಮೀಟರ್ ತಗ್ಗು. ಮಳೆ ಬಂದಾಗ ಆ ತಗ್ಗಿನಲ್ಲಿ ನೀರು ನಿಲ್ಲುತ್ತದೆ, ಊರವರು ಏರಿ ಹಾಕಿ ಗೋಕಟ್ಟೆ ಮಾಡುತ್ತಾರೆ, ಸುತ್ತ ಹುಲ್ಲು ತಡವಾಗಿ ಒಣಗುತ್ತದೆ. ಕುರಿ ಕಾಯುವವರಿಗೆ ಆ ಒಂದೊಂದು ತಗ್ಗಿನ ಹೆಸರು ಗೊತ್ತು. ಹಾಳೆಯ ಮೇಲೆ ಅದು ಎರಡು ಗೆರೆಗಳ ನಡುವೆ ಬಿದ್ದು ಕಾಣೆಯಾಗುತ್ತದೆ.

ಆ ಬಯಲಿನ ಜನ ಕಾಡುಗೊಲ್ಲರು, ಮ್ಯಾಸ ನಾಯಕರು, ಕುರುಬರು. ಮ್ಯಾಸ ನಾಯಕರಲ್ಲಿ ದೇವರ ಎತ್ತುಗಳ ಮಂದೆಗಳಿವೆ. ಅವುಗಳನ್ನು ಕಾಯುವ ಕಿಲಾರಿಗಳು ಅದನ್ನು ವ್ರತದಂತೆ ನಡೆಸುತ್ತಾರೆ. ಆ ಎತ್ತುಗಳನ್ನು ಉಳಲು ಕಟ್ಟುವುದಿಲ್ಲ, ಮಾರುವುದಿಲ್ಲ. ಕಾಡುಗೊಲ್ಲರು ಜುಂಜಪ್ಪನನ್ನು, ಎತ್ತಪ್ಪನನ್ನು ಹಾಡುವುದು ದನ ಕಾದ ವೀರರೆಂದು. ಕುರಿಯ ಉಣ್ಣೆಯಿಂದ ನೇಯುವ ಚಳ್ಳಕೆರೆಯ ಕಂಬಳಿಗೆ ದೂರದ ಊರುಗಳಲ್ಲೂ ಹೆಸರಿದೆ. ಇಷ್ಟೆಲ್ಲ ಆ ಬಿಳಿ ಜಾಗವನ್ನು ನಂಬಿ ನಿಂತಿದೆ.

ಅಲ್ಲಿ 2010ರ ಆಸುಪಾಸಿನಲ್ಲಿ ಸುಮಾರು 10,000 ಎಕರೆ ಕಾವಲು ನೆಲ ದೇಶದ ದೊಡ್ಡ ಸಂಸ್ಥೆಗಳಿಗೆ ಹಂಚಿಕೆಯಾಯಿತು. ರಕ್ಷಣಾ ಸಂಶೋಧನಾ ಸಂಸ್ಥೆಗೆ 4,000 ಎಕರೆಗೂ ಮಿಕ್ಕಿ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ. ಭಾಭಾ ಅಣುಶಕ್ತಿ ಕೇಂದ್ರ, ಇಸ್ರೋಗಳಿಗೂ ಪಾಲು. ಬೇಲಿ, ಗೋಡೆ ಎದ್ದಾಗ ಊರಿನವರಿಗೆ ವಿಷಯ ತಟ್ಟಿತು, ಪ್ರತಿಭಟನೆ ನಡೆಯಿತು, ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯಲ್ಲಿ ವಿಚಾರಣೆ ನಡೆದು 2014ರಲ್ಲಿ ತೀರ್ಪೂ ಬಂತು. 2017ರಲ್ಲಿ ಅಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಯಾಯಿತು. ಆ ಸಂಸ್ಥೆಗಳು ದೇಶಕ್ಕೆ ಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ನನ್ನ ಪ್ರಶ್ನೆ ಬೇರೆ. ಮಂದೆ ಯಾವ ತಿಂಗಳು ಎಲ್ಲಿರುತ್ತದೆ, ಗೋಕಟ್ಟೆಗಳು ಎಲ್ಲೆಲ್ಲಿವೆ, ಯಾವ ಹಟ್ಟಿಯವರು ಯಾವ ಹಾದಿಯಲ್ಲಿ ಬರುತ್ತಾರೆ ಎಂಬ ಒಂದು ನಕ್ಷೆ ಅಂದು ಮೇಜಿನ ಮೇಲೆ ಇದ್ದಿದ್ದರೆ ಆ ಗೋಡೆಗಳು ಅದೇ ಜಾಗದಲ್ಲಿ ಏಳುತ್ತಿದ್ದವೆ? 10,000 ಎಕರೆ ಎಂದರೆ 40 ಚದರ ಕಿಲೋಮೀಟರ್. 1:50,000ದ ಹಾಳೆಯಲ್ಲಿ ಅದು 160 ಚದರ ಸೆಂಟಿಮೀಟರ್, ನಮ್ಮ ಅಂಗೈ ಇಟ್ಟರೆ ಮುಚ್ಚಿಹೋಗುವಷ್ಟು ಬಿಳಿ.

ಘಟ್ಟದ ಮೇಲಿನ ಈ ಕಥೆ ಪುಂಜಾಲಕಟ್ಟೆಯವರಿಗೆ ಯಾಕೆ ಎಂದು ಕೇಳುವವರಿರಬಹುದು. ನಮ್ಮ ಪದವುಗಳನ್ನು ನೋಡಿ. ಇಲ್ಲಿಗೆ ಹತ್ತಿರದ ವಾಮದಪದವಿನ ಹೆಸರಲ್ಲೇ ಪದವು ಇದೆ. ಮುರಕಲ್ಲಿನ ಹಾಸು, ಮೇಲೆ ಬೆರಳುದ್ದದ ಮಣ್ಣು. ಮೇ ತಿಂಗಳಲ್ಲಿ ಅಲ್ಲಿ ನಿಂತರೆ ಕಾಲು ಸುಡುತ್ತದೆ. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಎರಡು ವಾರದಲ್ಲಿ ಇಡೀ ಪದವು ಹಸಿರು, ಪಳ್ಳಗಳಲ್ಲಿ, ಅಂದರೆ ತಗ್ಗಿನ ಹೊಂಡಗಳಲ್ಲಿ, ನೀರು, ಕಪ್ಪೆಯ ಸದ್ದು. ಬೈಲಿನಲ್ಲೆಲ್ಲ ನೇಜಿ ನೆಟ್ಟು ದನ ಇಳಿಯದಂತೆ ಕಾಯುವ ಆ ತಿಂಗಳುಗಳಲ್ಲಿ ಊರಿನ ದನಗಳಿಗೆ ಮೇವು ಕೊಟ್ಟದ್ದು ಈ ಪದವುಗಳು, ಗುಡ್ಡೆಗಳು. ಹಿಂದೆ ಪ್ರತಿ ಮನೆಯ ಮಕ್ಕಳಿಗೂ ದನ ಅಟ್ಟಿಕೊಂಡು ಹೋಗುವ ಗುಡ್ಡೆಯ ದಾರಿ ಗೊತ್ತಿತ್ತು.

ಸರ್ವೆ ಪಾರ್ಟಿಗಳು ಹೊರಗೆ ಕೆಲಸ ಮಾಡುವುದು ಮಳೆ ನಿಂತ ಮೇಲೆ; ಮಳೆಗಾಲದಲ್ಲಿ ಕಚೇರಿಯೊಳಗೆ ಕೂತು ಹಾಳೆ ತಿದ್ದುವುದು ಮೊದಲಿನಿಂದಲೂ ಬಂದ ಕ್ರಮ. ಅದು ಅನಿವಾರ್ಯ, ನಮ್ಮ ಆಟಿ ತಿಂಗಳ ಮಳೆಯಲ್ಲಿ ಪ್ಲೇನ್ ಟೇಬಲ್ ಹಾಕಿ ನಿಲ್ಲಲು ಯಾರಿಂದ ಆದೀತು? ಆದರೆ ಫೆಬ್ರವರಿಯ ಕಣ್ಣಿಗೆ ಪದವು ಸತ್ತ ನೆಲ. ಬೇಸಿಗೆಯಲ್ಲಿ ಬತ್ತುವ ತೋಡು ಟೊಪೊಶೀಟಿನಲ್ಲಿ ಕಪ್ಪು ಗೆರೆಯಾಗುತ್ತದೆ, ನೀಲಿ ಸಿಗುವುದು ವರ್ಷವಿಡೀ ಹರಿಯುವ ಹೊಳೆಗೆ. ಐದು ತಿಂಗಳು ನೀರು ತುಂಬಿರುವ ಪಳ್ಳಕ್ಕೆ ಅಲ್ಲಿ ಗುರುತೇ ಇಲ್ಲ. ನಮ್ಮ ಪದವುಗಳು ವಿಮಾನ ನಿಲ್ದಾಣಕ್ಕೆ, ಕಾರ್ಖಾನೆಗೆ, ಕಲ್ಲಿನ ಕೋರೆಗೆ, ಕಸ ಸುರಿಯುವುದಕ್ಕೆ ಇಷ್ಟು ಸುಲಭವಾಗಿ ಒದಗಿದ್ದರಲ್ಲಿ ಈ ಒಣ ತಿಂಗಳ ಚಿತ್ರದ ಪಾತ್ರವೂ ಇದೆ ಎಂದು ನಾನು ನಂಬುತ್ತೇನೆ.

ಇನ್ನು ಕುಮ್ಕಿ. ವರ್ಗ ಜಾಗದ, ಅಂದರೆ ಕಂದಾಯ ಕಟ್ಟುವ ಹಿಡುವಳಿಯ, ಸುತ್ತ 100 ಗಜದೊಳಗಿನ ಸರಕಾರಿ ನೆಲದಲ್ಲಿ ಸೊಪ್ಪು, ಸೌದೆ, ಮೇವು ತೆಗೆಯುವ ಸವಲತ್ತು ನಮ್ಮ ಸೀಮೆಗೆ ವಿಶಿಷ್ಟವಾದದ್ದು, ಮದರಾಸು ಪ್ರಾಂತ್ಯದ ಕಾಲದಿಂದ ಬಂದದ್ದು. ಇಲ್ಲಿ ಕೂತ ಹಿರಿಯರಿಗೆ ಅದರ ವ್ಯಾಜ್ಯಗಳ ಬಗ್ಗೆ ನಾನು ಹೇಳಬೇಕಾಗಿಲ್ಲ. 100 ಗಜವೆಂದರೆ 91 ಮೀಟರ್, ಟೊಪೊಶೀಟಿನಲ್ಲಿ ಎರಡು ಮಿಲಿಮೀಟರಿಗಿಂತ ಕಡಿಮೆ. ಗೋಮಾಳದ ಲೆಕ್ಕವೂ ಹಾಗೆಯೆ: ಭೂಕಂದಾಯ ನಿಯಮಗಳ ಪ್ರಕಾರ 100 ಜಾನುವಾರಿಗೆ 12 ಹೆಕ್ಟೇರ್ ನೆಲ ಮೀಸಲಿಡಬೇಕು. ಹಾಳೆಯಲ್ಲಿ ಅದು ಅರ್ಧ ಚದರ ಸೆಂಟಿಮೀಟರೂ ಆಗುವುದಿಲ್ಲ. ಕಂದಾಯ ಇಲಾಖೆಯ ಗ್ರಾಮ ನಕ್ಷೆ ಇದೆಯಲ್ಲ ಎನ್ನಬಹುದು. ಅದರಲ್ಲಿ ಸರ್ವೆ ನಂಬರು, ಗಡಿಕಲ್ಲು, ಹಿಸ್ಸೆ ಎಲ್ಲ ಇವೆ, ಏರು ತಗ್ಗು ಇಲ್ಲ. ಒಂದು ನಕ್ಷೆಗೆ ನೆಲದ ಆಕಾರ ಗೊತ್ತು, ಹಕ್ಕು ಗೊತ್ತಿಲ್ಲ. ಇನ್ನೊಂದಕ್ಕೆ ಹಕ್ಕು ಗೊತ್ತು, ಆಕಾರ ಗೊತ್ತಿಲ್ಲ. ಮೇಯುವ ನೆಲದ ಬಳಕೆ ಈ ಎರಡಕ್ಕೂ ಗೊತ್ತಿಲ್ಲ.

ಕರಾವಳಿಗೆ ಇನ್ನೊಂದು ಕಷ್ಟವೂ ಇತ್ತು. ಗಡಿ ಮತ್ತು ಸಮುದ್ರತೀರದಿಂದ ಸುಮಾರು 80 ಕಿಲೋಮೀಟರ್ ಒಳಗಿನ ಟೊಪೊಶೀಟುಗಳು ರಕ್ಷಣೆಯ ಕಾರಣಕ್ಕೆ ನಿರ್ಬಂಧಿತವಾಗಿದ್ದವು. ದಕ್ಷಿಣ ಕನ್ನಡ ಬಹುಮಟ್ಟಿಗೆ ಆ ಪಟ್ಟಿಯೊಳಗೇ ಬೀಳುತ್ತದೆ. ನಮ್ಮ ಊರಿನ ಹಾಳೆ ನಮ್ಮ ಶಾಲೆಯ ಮೇಷ್ಟ್ರಿಗೇ ಸುಲಭವಾಗಿ ಸಿಗುತ್ತಿರಲಿಲ್ಲ. 2005ರ ರಾಷ್ಟ್ರೀಯ ನಕ್ಷಾ ನೀತಿ ಸಾರ್ವಜನಿಕರಿಗೆಂದೇ ಬೇರೆ ಸರಣಿಯ ಹಾಳೆಗಳನ್ನು ತಂದಿತು. 2021ರ ಫೆಬ್ರವರಿಯ ಮಾರ್ಗಸೂಚಿ ನಕ್ಷೆ ತಯಾರಿಸುವ ಕೆಲಸವನ್ನೂ ಬಹುಮಟ್ಟಿಗೆ ಮುಕ್ತಗೊಳಿಸಿತು. ಎರಡು ಶತಮಾನ ಸರಕಾರದ ಕೈಯಲ್ಲಿದ್ದ ವಿದ್ಯೆ ಈಗ ಊರಿನ ಕೈಗೆ ಬರಬಹುದು.

ಮೇಯುವ ನೆಲಕ್ಕೆ ಗೆರೆ ಎಳೆಯುವುದು ಹೇಗೆ ಎಂಬ ಪ್ರಶ್ನೆಯನ್ನು ದೂರದ ಅಮೆರಿಕದ ಪಶ್ಚಿಮ ಭಾಗವೂ ಎದುರಿಸಿತ್ತು. ಅಲ್ಲಿನ ಎತ್ತರದ ಒಣ ಪೀಠಭೂಮಿ, ಮೊದಲಿನಿಂದ ಪಾಯೂಟ್, ಶೊಶೋನಿ ಜನರ ನೆಲೆ, 19ನೇ ಶತಮಾನದಲ್ಲಿ ದನಗಾವಲಿನ ಸೀಮೆಯಾಯಿತು. 1862ರ ಕಾಯ್ದೆ ಒಬ್ಬ ವಲಸೆಗಾರನಿಗೆ 160 ಎಕರೆ ಎಂದು ಚೌಕ ಗೆರೆ ಎಳೆದು ಹಂಚುತ್ತಿತ್ತು. ಭೂವಿಜ್ಞಾನಿ ಜಾನ್ ವೆಸ್ಲಿ ಪೊವೆಲ್ 1878ರ ತನ್ನ ವರದಿಯಲ್ಲಿ, ಒಣ ನೆಲದಲ್ಲಿ ದನ ಸಾಕುವವನಿಗೆ 2,560 ಎಕರೆ ಬೇಕು, ಗಡಿಗಳು ಚೌಕವಾಗಿರದೆ ನೀರಿನ ಜಾಡು ಹಿಡಿದು ಹೋಗಬೇಕು ಎಂದು ವಾದಿಸಿದ. ಆ ಮಾತನ್ನು ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಒಪ್ಪಲಿಲ್ಲ. ಮುಂದೆ ಅವನು ಅಲ್ಲಿನ ಭೂವಿಜ್ಞಾನ ಸಂಸ್ಥೆಯ ಮುಖ್ಯಸ್ಥನಾಗಿ ಇಡೀ ದೇಶದ ಎತ್ತರ ತಗ್ಗಿನ ನಕ್ಷೆ ಆರಂಭಿಸಿದ. ಅತಿಯಾಗಿ ಮೇಯಿಸಿ ನೆಲ ಹಾಳಾದ ಮೇಲೆ, 1934ರಲ್ಲಿ, ಸರಕಾರಿ ಹುಲ್ಲುಗಾವಲುಗಳಿಗೊಂದು ಕಾಯ್ದೆ ಬಂತು. ಯಾರು, ಎಲ್ಲಿ, ಯಾವ ತಿಂಗಳು, ಎಷ್ಟು ದನ ಎಂದು ಗೊತ್ತುಪಡಿಸುವ ಪದ್ಧತಿ ಬೆಳೆಯಿತು. ನಮ್ಮ ಕಾವಲುಗಳಲ್ಲಿ ಅದೇ ಜ್ಞಾನ ಶತಮಾನಗಳ ಹಿಂದೆಯೇ ಇತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ನಾವು ಅದನ್ನು ಕಾಗದಕ್ಕೆ ಇಳಿಸದೆ ಬಿಟ್ಟೆವು.

ಈಗಿನ ಉಪಗ್ರಹ, ಡ್ರೋನ್ ಎಲ್ಲವನ್ನೂ ಸರಿಪಡಿಸುತ್ತವೆ ಎಂಬ ನಂಬಿಕೆ ನನಗಿಲ್ಲ. 2000ದಲ್ಲಿ ಮೊದಲು ಬಂದ ದೇಶದ ಪಾಳುಭೂಮಿ ಅಟ್ಲಾಸ್ ಉಪಗ್ರಹ ಚಿತ್ರಗಳನ್ನೇ ನೋಡಿ ಕುರುಚಲಿನ ಬಯಲುಗಳನ್ನು ಪಾಳು ಎಂಬ ಪಟ್ಟಿಗೆ ಸೇರಿಸಿತು. 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯ ಡ್ರೋನ್‌ಗಳು ಊರಿನ ವಸತಿ ಜಾಗವನ್ನು ಅಳೆಯುತ್ತವೆ. ಒಳ್ಳೆಯ ಕೆಲಸ, ಆದರೆ ಮನೆ ಮುಗಿದಲ್ಲಿಗೆ ಅವುಗಳ ಕೆಲಸವೂ ಮುಗಿಯುತ್ತದೆ. ಎಷ್ಟೇ ಎತ್ತರದಿಂದ ಎಷ್ಟೇ ಸ್ಪಷ್ಟವಾಗಿ ನೋಡಿದರೂ ಈ ಪಳ್ಳದ ನೀರು ಯಾವ ತಿಂಗಳವರೆಗೆ ಇರುತ್ತದೆ, ಇಲ್ಲಿಗೆ ಯಾರ ದನ ಬರುತ್ತದೆ ಎಂದು ಕೇಳದೆ ತಿಳಿಯುವುದಿಲ್ಲ. ಮೆಕೆಂಜಿಯ ಪಂಡಿತರು ಮಾಡಿದ ಕೆಲಸಕ್ಕೆ ಇಂದಿಗೂ ಬದಲಿ ಬಂದಿಲ್ಲ.

ಊರಿನವರನ್ನು ಕೇಳಿ ದಾಖಲಿಸುವ ಆ ಕೆಲಸಕ್ಕೆ ಕಾನೂನಿನ ಆಸರೆಯೂ ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಒಂದು ನಿರ್ವಹಣಾ ಸಮಿತಿ, ಊರಿನ ಜೀವವೈವಿಧ್ಯದ ದಾಖಲೆ ಪುಸ್ತಕ ಇರಬೇಕು. 2006ರ ಅರಣ್ಯ ಹಕ್ಕು ಕಾಯ್ದೆ ಅರಣ್ಯಭೂಮಿಯಲ್ಲಿ ಮೇಯಿಸುವ ಹಕ್ಕನ್ನು, ಋತುವಿಗೆ ತಕ್ಕಂತೆ ಬಂದು ಹೋಗುವ ಪಶುಪಾಲಕರ ಹಕ್ಕನ್ನೂ ಹೆಸರಿಸಿದೆ. ಕಡೂರಿನ ಬಾಸೂರು ಅಮೃತ ಮಹಲ್ ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ಕೃಷ್ಣಮೃಗಗಳಿರುವ ಆ ಹುಲ್ಲುಗಾವಲನ್ನು ಹುಲ್ಲುಗಾವಲಾಗಿಯೇ ಉಳಿಸಬಹುದು ಎಂದು ಒಪ್ಪಿದ ನಿರ್ಧಾರ ಅದು. ಈ ಎಲ್ಲದಕ್ಕೂ ಊರಿನ ಕೈಯಲ್ಲಿ ನಕ್ಷೆ ಇದ್ದರೆ ಬಲ ಬರುತ್ತದೆ.

ವಿದ್ಯಾರ್ಥಿಗಳೆ, ನಿಮ್ಮಲ್ಲಿ ಒಂದು ಕೋರಿಕೆಯಿದೆ. 1:5,000ದ ಅಳತೆಯಲ್ಲಿ ಒಂದು ಗ್ರಾಮದ ನಕ್ಷೆ ಮಾಡಿ. ಆ ಅಳತೆಯಲ್ಲಿ ಕುಮ್ಕಿ ಎರಡು ಸೆಂಟಿಮೀಟರಿನಷ್ಟು ಅಗಲ ಬರುತ್ತದೆ, 12 ಹೆಕ್ಟೇರ್ ಗೋಮಾಳ 48 ಚದರ ಸೆಂಟಿಮೀಟರ್ ಆಗುತ್ತದೆ, ಪಳ್ಳವೂ ಕಾಣುತ್ತದೆ. ಕೈಯಲ್ಲಿರುವ ಮೊಬೈಲಿನ ಜಿಪಿಎಸ್ ಗುರುತು ಹಾಕಲು ಸಾಕು. ಗ್ರಾಮ ನಕ್ಷೆಯನ್ನು ತಾಲೂಕು ಕಚೇರಿಯಿಂದ ತನ್ನಿ, ಟೊಪೊಶೀಟಿನ ಕಂದು ಗೆರೆಗಳನ್ನು ಅದರ ಮೇಲೆ ಕೂರಿಸಿ. ಆಮೇಲೆ ಹಟ್ಟಿಯಲ್ಲಿ ಇನ್ನೂ ದನ ಕಟ್ಟಿರುವ ಮನೆಗಳಿಗೆ ಹೋಗಿ ಅಜ್ಜ ಅಜ್ಜಿಯರನ್ನು ಕೂರಿಸಿಕೊಂಡು ಕೇಳಿ: ದನ ಅಟ್ಟಿದ ದಾರಿ ಯಾವುದು, ಪದವಿನ ಯಾವ ಭಾಗದಲ್ಲಿ ಯಾವ ತಿಂಗಳು ಹುಲ್ಲು, ನೀರು ಎಲ್ಲಿ. ತಿಂಗಳನ್ನೂ ಬರೆಯಿರಿ, ಹೆಸರನ್ನೂ ಬರೆಯಿರಿ. ಒಂದು ಪ್ರತಿ ಗ್ರಾಮ ಪಂಚಾಯತಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ, ಒಂದನ್ನು ನಿಮ್ಮ ಗ್ರಂಥಾಲಯದಲ್ಲಿ ಇಡಿ. ಗುಡ್ಡೆಗೆ ದನ ಅಟ್ಟಿದ ತಲೆಮಾರಿಗೆ ವಯಸ್ಸಾಗಿದೆ. ಕೆಲಸವನ್ನು ಬೇಸಿಗೆಗೆ ಮುಂದೂಡದೆ, ಈ ಮಳೆಗಾಲದಲ್ಲಿ, ಪದವು ಹಸಿರಾಗಿರುವಾಗಲೇ ಶುರುಮಾಡಿ.